ಹಳೇ ವಾಚಿನ ಮಷೀನ್ ಚೆಂದವೋ, ಹೊಸದರದ್ದೋ?

ಅಜ್ಜನ ಒಮೇಗಾ ವಾಚ್ ಇಟ್ಕೊಳ್ಳಲಾ, ಅದನ್ನ ಮಾರಿ ಹಿಂದ ಗಾಜಿರೋ ಹೊಸದು ತಗೊಳ್ಳಲಾ, ಯಾವುದರ ಮಷೀನ್ ಚೆಂದ ಅಂತ ಕೇಳೀರಿ. ಅದಿರಲಿ, ಮೊದಲು ಅಜ್ಜನ ವಾಚನ್ನ ಪಾಲಿಶ್‌ಗೆ ಕೊಡಬ್ಯಾಡ್ರಿ. ನಾ ಕೊಟ್ಟಿದ್ದೆ.

ನಂದೂ ಒಮೇಗಾನೇ, ಅಪ್ಪಂದು. ಒಳಗ 30 ಮಿ.ಮೀ. ಕ್ಯಾಲಿಬರ್, ಅಂದ್ರ ಆ ಅಳತೆಯ ಮಷೀನ್. 1939ರಾಗ ಶುರುವಾದ ವಂಶ, ಗಂಟೆಗೆ 18,000 ಬಡಿತ. ಹಿಂದಿನ ಮುಚ್ಚಳ ಉಕ್ಕಿಂದು, ರಿಪೇರಿಯವರ ಹೊರತು ಯಾರೂ ನೋಡೋದಲ್ಲ. ಆದ್ರೂ ಬ್ರಿಜ್‌ಗಳ (ಗಾಲಿಗಳನ್ನ ಹಿಡಿದಿಡೋ ತಗಡುಗಳ) ಮ್ಯಾಲ ತಾಮ್ರದ ಬಣ್ಣದ ಲೇಪ. ವಯಸ್ಸಾಗಿ ಅದು ಸ್ವಲ್ಪ ಮಂಕಾಗಿತ್ತು, ಅಷ್ಟೇ.

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಗೆ ಒಯ್ದೆ. "ಸರ್ವಿಸ್ ಅಷ್ಟೇ ಏನ್ರಿ, ಶೈನೂ ಬೇಕಾ?" ಅಂತ ಕೇಳ್ದ. ಮೊಬೈಲ್‌ನಾಗ ಹೊಸ ವಾಚಿನ ಫೋಟೊ ನೋಡಿ ನೋಡಿ ತಲಿ ಕೆಟ್ಟಿತ್ತು. ಹೊಸದರಂಗ ಹೊಳೀಬೇಕು ಅಂದೆ. ಹೊಳೀತು. ಲೇಪದ ಕೆಳಗಿನ ಹಿತ್ತಾಳಿ ಹೊಳೀತು! ಆ ಲೇಪ ಕೂದಲೆಳೆಗಿಂತ ತೆಳು, ಪೇಸ್ಟ್ ಹಚ್ಚಿ ಬಟ್ಟಿಯಿಂದ ತಿಕ್ಕಿದ್ರ ಮೊದಲು ಅಂಚಿಂದು ಹೋಗ್ತದ, ಆಮ್ಯಾಲ ನಡುವಿಂದು. ಅಂಚು ದುಂಡಗಾಗ್ತದ, ಕೆತ್ತಿದ ಅಕ್ಷರ ಮಸುಕಾಗ್ತದ. ಮತ್ತ ಲೇಪ ಹಾಕಸ್ತೀನಿ ಅಂದ್ರ ಬಣ್ಣ ಬರಬಹುದು, ಅಂಚು ಬರಂಗಿಲ್ಲ. ಇನ್ನೊಂದು ಹಾನಿ ತಡವಾಗಿ ಗೊತ್ತಾಯ್ತು: ಉಳಿದ ಪೇಸ್ಟ್, ಗಾಲಿಯ ಅಚ್ಚು ಕೂಡೋ ಸಣ್ಣ ಕಲ್ಲಿನ ತೂತಿಗೆ ಸೇರಿ, ಎಣ್ಣಿ ಜೋಡಿ ಕಲಸಿ, ಗಾಲಿಯ ಅಚ್ಚನ್ನೇ ತಿಂದಿತ್ತು. ಅಂಗಡಿಯವಂದು ತಪ್ಪಿಲ್ಲ. ಅವ ಕೇಳ್ದ, ನಾ ಹ್ಞೂಂ ಅಂದೆ.

ಆಮ್ಯಾಲ ಬೀದರ್‌ಗೆ ಹೋದಾಗ ಬಿದ್ರಿ ಕೆಲಸದ ಪರಿಚಯದವರೊಬ್ಬರಿಗೆ ಲೂಪ್ (ಕಣ್ಣಿಗೆ ಹಿಡಿಯೋ ಭೂತಗನ್ನಡಿ) ಕೊಟ್ಟು ನಂದೂ ತೋರಿಸಿದೆ, ಗೆಳೆಯನ ಗಾಜಿನ ಬೆನ್ನಿನ ಹೊಸ ವಾಚೂ ತೋರಿಸಿದೆ. ಸತುವು-ತಾಮ್ರದ ಎರಕದಾಗ ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂಡಿಸೋ ಕಣ್ಣು. ಹೊಸದು ನೋಡಿ, "ಎರಡು ಅಂಚು ಒಳಗ ಕೂಡೋ ಮೂಲಿ ದುಂಡಗದ. ತಿರುಗೋ ಹತ್ಯಾರ ಹೋಗ್ಯದ, ಕೈ ಹೋಗಿಲ್ಲ" ಅಂದ್ರು. ಸ್ವಿಸ್ ವಾಚಿನ ಕುಶಲಕರ್ಮಿಗಳೂ ಇದೇ ಮೂಲಿ ನೋಡ್ತಾರ. ನಾ ಖುಷಿಯಿಂದ ನಂದು ಮುಂದ ಹಿಡಿದೆ. "ಚೂಪು ಮೂಲಿ ಇದರಾಗೂ ಇಲ್ಲಲ್ರಿ" ಅಂದ್ರು!

ಹಂಗಾಗಿ ಹಳೇದು-ಹೊಸದು ಅನ್ನೋ ಪ್ರಶ್ನೇನೇ ಸರಿ ಇಲ್ಲ ಅಂತೀನಿ. ಕಾರ್ಖಾನಿಯವರು ಆಗಲೂ ಖರ್ಚು ಉಳಿಸ್ತಿದ್ರು. ಒಮೇಗಾದ್ದೇ ಸ್ಪೀಡ್‌ಮಾಸ್ಟರ್ ವಾಚಿನಾಗ, ಸ್ಟಾಪ್‌ವಾಚ್ ನಡೆಸಾಕ ಕಾಲಂ ವ್ಹೀಲ್ (ಕಂಬಗಳಿರೋ ಗಾಲಿ) ಇದ್ದ 321 ಅನ್ನೋ ಮಷೀನ್ ತೆಗೆದು, ಕ್ಯಾಮ್ (ಆಕಾರ ಕೊಟ್ಟ ತಗಡು) ಇರೋ ಸುಲಭದ 861 ಹಾಕಿದ್ದು 1968ರಾಗ. ಈಚಿನವರಾಗ ನೋಡ್ರಿ, ಜರ್ಮನಿಯ ಲಾಂಗೆ ಕಂಪನಿಯ ಡಾಟೋಗ್ರಾಫ್ ವಾಚ್ 1999ರದ್ದು, ಸ್ವಿಸ್ ವಾಚುಗಾರ ಫಿಲಿಪ್ ಡುಫೂರ್ ಅವರ ಸಿಂಪ್ಲಿಸಿಟಿ 2000ದ್ದು. ಚೂಪು ಮೂಲಿ ಬೇಕಂದ್ರ ಅಲ್ಲಿ ಸಿಗ್ತದ. ನಾನೂ ಫೋಟೊದಾಗಷ್ಟೇ ನೋಡೀನಿ, ಆ ರೊಕ್ಕ ನಮ್ಮಂಥವರ ಹತ್ರ ಎಲ್ಲಿಂದ ಬರಬೇಕು.

ಅಪ್ಪನ ವಾಚಿನ ಚೆಂದ ಬ್ಯಾರೆ. ಮುಚ್ಚಳ ತೆಗೆದ್ರ, ಹಿಂದ-ಮುಂದ ಆಡಿ ಟೈಮ್ ಅಳೆಯೋ ದೊಡ್ಡ ಬ್ಯಾಲೆನ್ಸ್ ಗಾಲಿ ಪೂರಾ ಕಾಣ್ತದ. ಕೀಲಿ ಕೊಟ್ಟಾಗ ಯಾವ ಹಲ್ಲು ಯಾವುದನ್ನ ನೂಕ್ತದ ಅಂತ ಕಣ್ಣಿಂದ ಹಿಂಬಾಲಿಸಬಹುದು. ಆಟೊಮ್ಯಾಟಿಕ್‌ನಾಗ ಗಾಜು ಇಟ್ಟು, ಅದರ ಹಿಂದ ರೋಟರ್ (ಕೈ ಆಡಿದ್ರ ತಿರುಗಿ ಕೀಲಿ ಕೊಡೋ ತೂಕದ ತಗಡು) ಅಡ್ಡ ನಿಲ್ಲಿಸ್ತಾರ. ಇದೇನ್ ನೋಡೋದು?

ನಮ್ಮ ರೊಕ್ಕಕ್ಕ ಸಿಗೋ ಹೊಸದು ತಗೊಳ್ಳೋದಾದ್ರ ಟೈಮ್ ಸರಿ ತೋರಸ್ತದಂತ ತಗೋರಿ, ಮಷೀನಿನ ಚೆಂದಕ್ಕಂತೂ ಬ್ಯಾಡ. ಅಜ್ಜಂದು ಮಾರಬ್ಯಾಡ್ರಿ. ಸರ್ವಿಸ್‌ಗೆ ಕೊಡೋ ಮುಂಚೆ ಮುಚ್ಚಳ ತೆಗೆಸಿ ಫೋಟೊ ಹೊಡ್ಕೋರಿ. ತೊಳೆದು ಎಣ್ಣಿ ಹಾಕ್ರಿ, ಬ್ರಿಜ್ ತಿಕ್ಕಬ್ಯಾಡ್ರಿ ಅಂತ ರಸೀದಿ ಮ್ಯಾಲ ಬರೆಸ್ರಿ.