ಸಬ್‌ಸ್ಕ್ರೈಬರ್ ಇದ್ದಾರೆ, ನೋಡುವವರು ಎಲ್ಲಿ?

ಯೂಟ್ಯೂಬ್ ಚಾನೆಲ್ ನಡೆಸುವ ಓದುಗರಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಚಾನೆಲ್ ಶುರು ಮಾಡುವುದು ಹೇಗೆ ಎಂದು ಕೇಳಿದವರು ಕಡಿಮೆ. ಬಂದವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದೇ ಹೆಚ್ಚಿನವರ ಚಿಂತೆ.

ಅಡುಗೆ ಚಾನೆಲ್ ನಡೆಸುತ್ತೇವೆ. ಸಬ್‌ಸ್ಕ್ರೈಬರ್‌ಗಳು 18 ಸಾವಿರ ದಾಟಿದ್ದಾರೆ. ಆದರೆ ಹೊಸ ವಿಡಿಯೊ ಹಾಕಿ ವಾರವಾದರೂ ಸಾವಿರ ವ್ಯೂ ಆಗುವುದಿಲ್ಲ. ಬಂದವರೂ ಅರ್ಧಕ್ಕೇ ಎದ್ದು ಹೋಗುತ್ತಾರೆ. ತಪ್ಪು ಎಲ್ಲಿದೆ?
– ಓದುಗರು, ದಾವಣಗೆರೆ

ಮೊದಲು ಆ 18 ಸಾವಿರದ ಲೆಕ್ಕ. ಸಬ್‌ಸ್ಕ್ರೈಬ್ ಒತ್ತಿದವರಿಗೆಲ್ಲ ನಿಮ್ಮ ವಿಡಿಯೊ ತಾನಾಗಿ ತಲುಪುವುದಿಲ್ಲ. ಒತ್ತಿದ ಕೂಡಲೇ ಪಕ್ಕದ ಬೆಲ್ ಗುರುತು ‘ಪರ್ಸನಲೈಸ್ಡ್’ ಎಂಬಲ್ಲಿ ನಿಲ್ಲುತ್ತದೆ. ಅಂದರೆ ಯಾರಿಗೆ ಯಾವಾಗ ಸೂಚನೆ ಕಳಿಸಬೇಕು ಎಂಬುದು ಯೂಟ್ಯೂಬ್‌ನ ಕೈಯಲ್ಲಿರುತ್ತದೆ. ‘ಆಲ್’ ಆರಿಸಿಕೊಂಡವರಿಗೂ ಫೋನಿನಲ್ಲೇ ಸೂಚನೆ ಬಂದ್ ಆಗಿದ್ದರೆ ಏನೂ ಕಾಣಿಸದು. ಉಳಿದವರು ನಿಮ್ಮನ್ನು ನೋಡುವುದು ಹೋಂ ಪೇಜಿನಲ್ಲಿ. ಅಲ್ಲಿ ನಿಮ್ಮ ಥಂಬ್‌ನೇಲ್ (ವಿಡಿಯೊದ ಮುಖಚಿತ್ರ) ಬರುತ್ತದೋ ಇಲ್ಲವೋ ಎಂಬುದಕ್ಕೆ ಅವರು ನಿಮ್ಮ ಹಿಂದಿನ ವಿಡಿಯೊಗಳನ್ನು ಒತ್ತಿದರೇ, ಎಷ್ಟು ಹೊತ್ತು ನೋಡಿದರು ಎಂಬುದು ಮುಖ್ಯ. ಬರೀ ವ್ಯೂ ಎಣಿಸುವ ಪದ್ಧತಿ ಬಿಟ್ಟು ನೋಡಿದ ಅವಧಿಗೆ ಯೂಟ್ಯೂಬ್ ತೂಕ ಕೊಡತೊಡಗಿದ್ದು 2012ರಲ್ಲಿ. ಹಾಗಾಗಿ ನಿಮ್ಮ ಎರಡನೇ ದೂರಿನಲ್ಲೇ ಮೊದಲನೆಯದರ ಕಾರಣ ಇದೆ. ಅರ್ಧಕ್ಕೆ ಎದ್ದು ಹೋದವರ ಮುಂದೆ ನಿಮ್ಮ ಮುಂದಿನ ವಿಡಿಯೊ ಬರುವ ಸಾಧ್ಯತೆ ಕಡಿಮೆಯಾಗುತ್ತದೆ.

ಈಗ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಸ್ಟುಡಿಯೊ, ಅಂದರೆ ಚಾನೆಲ್ ನಿರ್ವಹಿಸುವ ಪುಟ ತೆರೆಯಿರಿ. ಒಂದು ವಿಡಿಯೊ ಆರಿಸಿ, ಅನಲಿಟಿಕ್ಸ್ ಒತ್ತಿ, ‘ಆಡಿಯೆನ್ಸ್ ರಿಟೆನ್ಷನ್’ ಗೆರೆ ನೋಡಿ. ಮೊದಲ 30 ಸೆಕೆಂಡು ದಾಟಿ ಶೇಕಡಾ ಎಷ್ಟು ಮಂದಿ ಉಳಿದರು ಎಂಬುದು ಅಲ್ಲೇ ಇರುತ್ತದೆ. ಒಂದೇ ವಿಡಿಯೊ ನೋಡಿ ತೀರ್ಮಾನಕ್ಕೆ ಬರಬೇಡಿ. ಹೆಚ್ಚುಕಮ್ಮಿ ಒಂದೇ ಉದ್ದದ ಹತ್ತು ವಿಡಿಯೊಗಳ ಗೆರೆ ನೋಡಿ, ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಬಿದ್ದಿದೆ, ಆಗ ಪರದೆಯ ಮೇಲೆ ಏನು ನಡೆಯುತ್ತಿತ್ತು ಎಂದು ಹಾಳೆಯಲ್ಲಿ ಬರೆದುಕೊಳ್ಳಿ. ಗುರು ಬೇರೆ ಬೇಡ, ಆ ಹಾಳೆಯೇ ಸಾಕು.

ಗೆರೆ ಹೇಳುವುದನ್ನು ಓದುವುದು ಹೀಗೆ. ಶುರುವಿನಲ್ಲೇ ಕಡಿದಾಗಿ ಇಳಿದಿದ್ದರೆ ಶೀರ್ಷಿಕೆ, ಥಂಬ್‌ನೇಲ್ ಹೇಳಿದ್ದು ಕೂಡಲೇ ಸಿಕ್ಕಿಲ್ಲ. ನಡುವೆ ಹಳ್ಳ ಬಿದ್ದಿದ್ದರೆ ಜನ ಆ ಭಾಗವನ್ನು ಹಾರಿಸಿ ಮುಂದೆ ಹೋಗಿದ್ದಾರೆ. ದಿಬ್ಬ ಎದ್ದಿದ್ದರೆ ಹಿಂದಕ್ಕೆ ಎಳೆದು ಮತ್ತೆ ನೋಡಿದ್ದಾರೆ. ದಿಬ್ಬ ಕಂಡು ಸುಮ್ಮನೆ ಖುಷಿಪಡಬೇಡಿ. ಇಷ್ಟವಾಗಿ ಮತ್ತೆ ನೋಡಿರಬಹುದು, ಅರ್ಥವಾಗದೆಯೂ ನೋಡಿರಬಹುದು. ಬೆಣ್ಣೆ ದೋಸೆಯ ವಿಡಿಯೊದಲ್ಲಿ ಮಂಡಕ್ಕಿಯ ಅಳತೆ ಹೇಳುವ ಜಾಗದಲ್ಲಿ ದಿಬ್ಬ ಎದ್ದರೆ, ನೀವು ಅದನ್ನು ಬಾಯಲ್ಲಿ ಹೇಳಿ ಮುಂದೆ ಓಡಿದ್ದೀರಿ ಎಂದೇ ಅರ್ಥ. ಅಕ್ಕಿ, ಉದ್ದಿನಬೇಳೆ, ಮಂಡಕ್ಕಿಯ ಅಳತೆಯನ್ನು ದೊಡ್ಡ ಅಕ್ಷರದಲ್ಲಿ ಪರದೆಯ ಮೇಲೆ ನಾಲ್ಕೈದು ಸೆಕೆಂಡು ನಿಲ್ಲಿಸಿ, ಡಿಸ್ಕ್ರಿಪ್ಷನ್‌ನಲ್ಲೂ ಬರೆಯಿರಿ.

ಅಡುಗೆ ಚಾನೆಲ್‌ಗಳಲ್ಲಿ ಜನ ಹೆಚ್ಚು ಕೈಬಿಡುವುದು ಮೊದಲ ಅರ್ಧ ನಿಮಿಷದಲ್ಲಿ. ‘ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ, ಹೊಸಬರಾಗಿದ್ದರೆ ಸಬ್‌ಸ್ಕ್ರೈಬ್ ಆಗಿ, ಪಕ್ಕದ ಬೆಲ್ ಒತ್ತಿ’, ಆಮೇಲೆ ಲೋಗೊ, ಸಂಗೀತ. ಅಷ್ಟರಲ್ಲಿ ಬೆರಳು ಮೇಲಕ್ಕೆ ಸರಿದಾಗಿದೆ. ಬದಲಿಗೆ ಹೀಗೆ ಮಾಡಿ: ಮೊದಲ ಶಾಟ್‌ನಲ್ಲೇ ಹಂಚಿನ ಮೇಲೆ ಕೆಂಪಗೆ ಬೆಂದ ದೋಸೆಯನ್ನು ಎತ್ತುವ ಕೈ, ಹಂಚಿನ ಸದ್ದು ಹಾಗೇ ಇರಲಿ. ‘ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ ಬರಬೇಕಾದರೆ ರುಬ್ಬುವಾಗಲೇ ಒಂದು ಕೆಲಸ ಮಾಡಬೇಕು, ನೋಡಿ’ ಎಂಬ ಒಂದೇ ಮಾತು. ನೇರವಾಗಿ ಅಕ್ಕಿ ನೆನೆಹಾಕುವ ಪಾತ್ರೆಗೆ ಹೋಗಿ. ನಮಸ್ಕಾರ ಬಿಡಬೇಕಿಲ್ಲ, ಎರಡು ಸೆಕೆಂಡಿನಲ್ಲಿ ಮುಗಿಸಿ. ಸಬ್‌ಸ್ಕ್ರೈಬ್ ಮಾಡಿ ಎಂದು ಕೇಳುವುದು ಮೊದಲ ದೋಸೆ ಚೆನ್ನಾಗಿ ಎದ್ದ ಮೇಲೆ, ನೋಡುವವರ ಮನಸ್ಸು ತುಂಬಿದ ಹೊತ್ತಿನಲ್ಲಿ.

ಆಗಲೇ ಹಾಕಿರುವ ವಿಡಿಯೊಗಳನ್ನೂ ಸರಿಮಾಡಬಹುದು. ಸ್ಟುಡಿಯೊದ ಎಡಿಟರ್‌ನಲ್ಲಿ ಉದ್ದನೆಯ ಆರಂಭವನ್ನು ಕತ್ತರಿಸಿ ಉಳಿಸಿದರೆ ಲಿಂಕ್, ವ್ಯೂ, ಕಾಮೆಂಟ್ ಎಲ್ಲ ಹಾಗೇ ಇರುತ್ತವೆ. ಬದಲಾವಣೆ ಕಾಣಿಸಲು ಕೆಲವು ಗಂಟೆ ಹಿಡಿಯಬಹುದು. ಉಳಿದದ್ದೆಲ್ಲ ಕತ್ತರಿಸಿದಷ್ಟು ಬೇಗ ಬರುವುದರಿಂದ ಚಾಪ್ಟರ್ (ವಿಡಿಯೊದ ಭಾಗಗಳಿಗೆ ಸಮಯದೊಂದಿಗೆ ಕೊಡುವ ಹೆಸರು) ಹಾಕಿದ್ದರೆ ಅವುಗಳ ಸಮಯವನ್ನೂ ತಿದ್ದಬೇಕು.

ಕೊನೆಯಲ್ಲಿ ‘ಇವತ್ತಿಗೆ ಇಷ್ಟೇ, ಧನ್ಯವಾದ’ ಎಂದ ತಕ್ಷಣ ಗೆರೆ ಬೀಳುತ್ತದೆ. ಮುಂದೆ ನೋಡಬೇಕಾದ ವಿಡಿಯೊ ತೋರಿಸುವ ಎಂಡ್ ಸ್ಕ್ರೀನ್ ಕಾಣಿಸುವುದು ಕೊನೆಯ 5ರಿಂದ 20 ಸೆಕೆಂಡಿನಲ್ಲಿ. ವಿದಾಯ ಹೇಳಿ ಆದಮೇಲೆ ಅದು ಬಂದರೆ ನೋಡಲು ಯಾರೂ ಉಳಿದಿರುವುದಿಲ್ಲ. ದೋಸೆ ತಟ್ಟೆಗೆ ಬಂದಾಗಲೇ ‘ಇದರ ಜೊತೆಗಿನ ಕಾಯಿ ಚಟ್ನಿ ಇಲ್ಲಿದೆ’ ಎಂದು ಆ ವಿಡಿಯೊದ ಕಡೆ ಕೈ ತೋರಿಸಿ, ಅಲ್ಲಿಗೇ ನಿಲ್ಲಿಸಿ. ನಾಲ್ಕು ವಿಡಿಯೊ ತೋರಿಸುವುದಕ್ಕಿಂತ ಒಂದೇ ಸರಿಯಾದದ್ದು ಮೇಲು.

ಅಡಿಕೆ ಕೃಷಿಯ ಚಾನೆಲ್ ನಮ್ಮದು. ವಾರಕ್ಕೆ ಎಷ್ಟು ವಿಡಿಯೊ, ಎಷ್ಟು ಗಂಟೆಗೆ ಹಾಕಬೇಕು? ಬಿಡದೆ ಹಾಕುತ್ತಿದ್ದರೂ ಹಳೆಯ ನೋಡುಗರು ಕಡಿಮೆಯಾಗುತ್ತಿದ್ದಾರೆ.
– ಓದುಗರು, ತೀರ್ಥಹಳ್ಳಿ

ಗಂಟೆಯ ಬಗ್ಗೆ ಇಷ್ಟೊಂದು ತಲೆಕೆಡಿಸಿಕೊಳ್ಳಬೇಡಿ. ಹಾಕುವ ಹೊತ್ತು ಮೊದಲ ಕೆಲವು ಗಂಟೆಗಳ ವ್ಯೂ ಬದಲಿಸಬಹುದು, ವಿಡಿಯೊದ ಮುಂದಿನ ಹಣೆಬರಹವನ್ನಲ್ಲ. ಲೈವ್ ಮಾಡುವಾಗ ಮಾತ್ರ ಹೊತ್ತು ನಿಜಕ್ಕೂ ಮುಖ್ಯ. ಸ್ಟುಡಿಯೊದ ‘ಆಡಿಯೆನ್ಸ್’ ಪುಟದಲ್ಲಿ ನಿಮ್ಮ ನೋಡುಗರು ಯೂಟ್ಯೂಬಿಗೆ ಬರುವ ಹೊತ್ತು ಗಾಢ ಬಣ್ಣದಲ್ಲಿ ಕಾಣುತ್ತದೆ, ಅದನ್ನು ನೋಡಿಕೊಳ್ಳಿ. ಒಂದೇ ದಿನ ಐದಾರು ವಿಡಿಯೊ ಸುರಿಯಬೇಡಿ. ಒಂದು ಚಾನೆಲ್‌ನಿಂದ ಒಬ್ಬರಿಗೆ 24 ಗಂಟೆಯಲ್ಲಿ ಹೆಚ್ಚೆಂದರೆ 3 ಹೊಸ ವಿಡಿಯೊಗಳ ಸೂಚನೆ ಮಾತ್ರ ಹೋಗುತ್ತದೆ.

ನಿಮ್ಮ ವಿಷಯದಲ್ಲಿ ಗಂಟೆಗಿಂತ ದೊಡ್ಡದು ತಿಂಗಳು. ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆಯುವುದು ಮುಂಗಾರು ಹಿಡಿಯುವ ಮುಂಚೆ, ಎರಡನೆಯದು ಸುಮಾರು 40–45 ದಿನಕ್ಕೆ. ಆ ಔಷಧಿಯಾದ ಬೋರ್ಡೋ ದ್ರಾವಣದ (ಮೈಲುತುತ್ತ, ಸುಣ್ಣದ ಮಿಶ್ರಣ) ವಿಡಿಯೊ ಜುಲೈನಲ್ಲಿ ಬಂದರೆ ಮೊದಲ ಸಿಂಪಡಣೆಯ ಮಟ್ಟಿಗೆ ಅದು ತಡವಾಯಿತು. ಮೇ ಎರಡನೇ ವಾರಕ್ಕೇ ಹಾಕಿ. ಎರಡನೇ ಸುತ್ತಿನ ಹೊತ್ತಿಗೆ ಅದನ್ನೇ ಚಾನೆಲ್‌ನ ಪೋಸ್ಟ್‌ನಲ್ಲಿ ಮತ್ತೆ ಎತ್ತಿಕೊಡಿ.

ಇನ್ನು, ರೈತರು ಉಳಿಯುವುದು ಕೆಲಸ ಕಣ್ಣಿಗೆ ಕಂಡಾಗ. ಒಂದು ಕಿಲೊ ಮೈಲುತುತ್ತವನ್ನು 50 ಲೀಟರ್ ನೀರಲ್ಲಿ, ಒಂದು ಕಿಲೊ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಬೇಕು ಎಂದು ತೋಟದ ಬದಿಯಲ್ಲಿ ನಿಂತು ಹೇಳಿದರೆ ಯಾರೂ ಎರಡು ನಿಮಿಷ ನಿಲ್ಲರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣದ ನೀರಿಗೆ ತುತ್ತದ ನೀರು ಬೀಳುವುದನ್ನು ಹತ್ತಿರದಿಂದ ತೋರಿಸಿ. ತಿಕ್ಕಿ ಹೊಳಪಾಗಿಸಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಅದಕ್ಕೆ ಕೆಂಪು ಮಿಶ್ರಿತ ಕಂದು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂಬುದನ್ನು ಒಂದೇ ಶಾಟ್‌ನಲ್ಲಿ ಕಾಣಿಸಿ. ಆ ಕತ್ತಿಯ ಚಿತ್ರವೇ ಥಂಬ್‌ನೇಲ್ ಆಗಲಿ. ಕೆಳಗಿನ ಬಲಮೂಲೆಯಲ್ಲಿ ವಿಡಿಯೊದ ಅವಧಿ ಕೂರುವುದರಿಂದ ಅಲ್ಲಿ ಅಕ್ಷರ ಬೇಡ, ನಾಲ್ಕು ಪದ ಮೀರುವುದೂ ಬೇಡ.

ಹಳಬರು ಕಡಿಮೆಯಾಗಲು ಇನ್ನೊಂದು ಕಾರಣ ವಿಷಯ ಚದುರಿರುವುದು. ಅಡಿಕೆಗಾಗಿ ಬಂದವರಿಗೆ ಪ್ರವಾಸದ ವ್ಲಾಗ್, ಮೊಬೈಲ್ ರಿವ್ಯೂ ತೋರಿಸಿದರೆ ಅವರು ಒತ್ತುವುದಿಲ್ಲ. ಅವಕ್ಕೆ ಬೇರೆಯೇ ಚಾನೆಲ್ ಮಾಡಿ. ವಾರಕ್ಕೆ ಒಂದೇ ಆದರೂ ಸಾಕು, ತಪ್ಪದೆ ಬರಲಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಗಣಿತ ಹೇಳಿಕೊಡುತ್ತೇನೆ. ಶಾರ್ಟ್ಸ್‌ನಿಂದ (ಚಿಕ್ಕ ವಿಡಿಯೊಗಳಿಂದ) ಸಬ್‌ಸ್ಕ್ರೈಬರ್‌ಗಳು ಬಂದರು, ಉದ್ದದ ಪಾಠಗಳನ್ನು ಮಾತ್ರ ಯಾರೂ ನೋಡುತ್ತಿಲ್ಲ.
– ಓದುಗರು, ವಿಜಯಪುರ

ಬೆರಳು ಸರಿಸುತ್ತ ಅರ್ಧ ನಿಮಿಷ ಕಳೆಯುವವರು ಬೇರೆ, ಪುಸ್ತಕ ಪೆನ್ನು ಹಿಡಿದು 25 ನಿಮಿಷ ಕೂರುವವರು ಬೇರೆ. ಶಾರ್ಟ್‌ನಲ್ಲೇ ಲೆಕ್ಕ ಪೂರ್ತಿ ಬಿಡಿಸಿಬಿಟ್ಟರೆ ಪಾಠಕ್ಕೆ ಹೋಗಲು ಕಾರಣ ಉಳಿಯುವುದಿಲ್ಲ. ಒಂದು ಲೆಕ್ಕವನ್ನು ಪ್ರಾಮಾಣಿಕವಾಗಿ ಬಿಡಿಸಿ, ಅದೇ ಮಾದರಿಯ ಸ್ವಲ್ಪ ಕಠಿಣ ಲೆಕ್ಕವನ್ನು ಪರದೆಯ ಮೇಲೆ ಬಿಡಿ, ಅದರ ಉತ್ತರ ಪಾಠದಲ್ಲಿರಲಿ.

ಕಾಮೆಂಟಿನಲ್ಲಿ ಲಿಂಕ್ ಹಾಕಿ ಪ್ರಯೋಜನವಿಲ್ಲ. 2023ರ ಆಗಸ್ಟ್ 31ರಿಂದ ಶಾರ್ಟ್ಸ್‌ನ ಕಾಮೆಂಟ್, ಡಿಸ್ಕ್ರಿಪ್ಷನ್‌ಗಳಲ್ಲಿನ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ಸ್ಟುಡಿಯೊದಲ್ಲಿ ಆ ಶಾರ್ಟ್‌ನ ವಿವರ ತೆರೆದು ‘ರಿಲೇಟೆಡ್ ವಿಡಿಯೊ’ ಎಂಬಲ್ಲಿ ನಿಮ್ಮ ಪಾಠವನ್ನು ಆರಿಸಿ. ಆ ಜಾಗ ತೆರೆಯದಿದ್ದರೆ ಸೆಟ್ಟಿಂಗ್ಸ್, ಚಾನೆಲ್, ಫೀಚರ್ ಎಲಿಜಿಬಿಲಿಟಿಗೆ ಹೋಗಿ ‘ಅಡ್ವಾನ್ಸ್ಡ್ ಫೀಚರ್ಸ್’ ಸಕ್ರಿಯವಾಗಿದೆಯೇ ನೋಡಿ. ಪಾಠಗಳನ್ನು ಶೇಕಡಾವಾರು, ಲಾಭ–ನಷ್ಟ, ಕಾಲ ಮತ್ತು ಕೆಲಸ ಎಂದು ಅನುಕ್ರಮವಾಗಿ ಪ್ಲೇಲಿಸ್ಟ್ ಮಾಡಿ. ಶಾರ್ಟ್ಸ್‌ನ ವ್ಯೂ ನೋಡಿ ಉಬ್ಬಬೇಡಿ. 2025ರ ಮಾರ್ಚ್ 31ರಿಂದ ಪರದೆಯಲ್ಲಿ ಶುರುವಾದದ್ದೆಲ್ಲ ವ್ಯೂ ಎಂದೇ ಎಣಿಕೆ. ನಿಂತು ನೋಡಿದವರ ಲೆಕ್ಕ ‘ಎಂಗೇಜ್ಡ್ ವ್ಯೂಸ್’ನಲ್ಲಿದೆ.

ಮೂರು ಗಂಟೆಯ ಯಕ್ಷಗಾನ ಪ್ರಸಂಗಗಳನ್ನು ಹಾಕುತ್ತೇವೆ. ಪೂರ್ತಿ ಯಾರೂ ನೋಡುವುದಿಲ್ಲ. ತುಂಡು ಮಾಡಬೇಕೇ?
– ಓದುಗರು, ಕುಂದಾಪುರ

ತುಂಡು ಮಾಡಬೇಡಿ, ಪ್ರಸಂಗದ ಓಟ ಕೆಡುತ್ತದೆ. ಚಾಪ್ಟರ್ ಹಾಕಿ. ಡಿಸ್ಕ್ರಿಪ್ಷನ್‌ನಲ್ಲಿ ಒಂದೊಂದು ಸಾಲಿಗೆ ಸಮಯ ಮತ್ತು ಹೆಸರು: ಮೊದಲನೆಯದು 00:00 ಆಗಿರಲೇಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ 10 ಸೆಕೆಂಡಿಗಿಂತ ಕಡಿಮೆ ಇರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಚಾಪ್ಟರ್ ಕಾಣಿಸುವುದೇ ಇಲ್ಲ. ‘ಭಾಗ 1’ ಎಂದಲ್ಲ, ‘ಬಣ್ಣದ ವೇಷದ ಒಡ್ಡೋಲಗ’, ‘ಹಾಸ್ಯಗಾರರ ಪ್ರವೇಶ’ ಎಂದು ಬರೆಯಿರಿ, ಭಾಗವತರ ಮತ್ತು ಕಲಾವಿದರ ಹೆಸರನ್ನೂ ಸೇರಿಸಿ. ಜನ ಹುಡುಕುವುದು ಆ ಹೆಸರುಗಳನ್ನೇ. ಮೇಳದ ಒಪ್ಪಿಗೆ ಪಡೆದೇ ಹಾಕುತ್ತಿದ್ದೀರಿ ಎಂದು ನಂಬುತ್ತೇವೆ.

ಶ್ರುತಿ, ಚೆಂಡೆ, ಮಾತು ಮೂರೂ ಒಂದೇ ಮೈಕಿನಲ್ಲಿ ಬಂದರೆ ಚೆಂಡೆಯ ಅಬ್ಬರಕ್ಕೆ ಅರ್ಥಗಾರಿಕೆ ಮುಳುಗುತ್ತದೆ, ಆಗ ಎಂಥ ಅಭಿಮಾನಿಯೂ ಉಳಿಯುವುದಿಲ್ಲ. ಮೇಳದವರ ಅನುಮತಿ ಪಡೆದು ರಂಗಸ್ಥಳದ ಧ್ವನಿವರ್ಧಕದ ಮಿಕ್ಸರ್‌ನಿಂದ ನೇರ ತಂತಿ ಎಳೆದುಕೊಳ್ಳಿ. ಪ್ರೀಮಿಯರ್ (ನಿಗದಿತ ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ಮೊದಲ ಪ್ರದರ್ಶನ) ಇಡುವುದಾದರೆ ಹೊರಗಿರುವವರ ಗಡಿಯಾರ ನೆನಪಿರಲಿ: ನಮ್ಮ ರಾತ್ರಿ 8 ಗಂಟೆಗೆ ದುಬೈನಲ್ಲಿ ಸಂಜೆ 6.30.

‘ನೀವು ನಮಗೆ, ನಾವು ನಿಮಗೆ ಸಬ್‌ಸ್ಕ್ರೈಬ್’ ಎನ್ನುವ ವಾಟ್ಸಾಪ್ ಗುಂಪು ಸೇರಬಹುದೇ?
– ಓದುಗರು, ತುಮಕೂರು

ಬೇಡವೇ ಬೇಡ. ಯೂಟ್ಯೂಬ್ ನಿಯಮದಲ್ಲಿ ಅದು ನಕಲಿ ಎಂಗೇಜ್‌ಮೆಂಟ್, ಚಾನೆಲ್ ಮೇಲೆಯೇ ಕ್ರಮ ಆಗಬಹುದು. ಸೇರಿದವರು ನಿಮ್ಮ ವಿಡಿಯೊ ನೋಡುವುದೂ ಇಲ್ಲ. ಈಗಾಗಲೇ ಸೇರಿದ್ದರೆ ಹೊರಗೆ ಬನ್ನಿ. ಆ ಹೊತ್ತನ್ನು ಕಾಮೆಂಟ್‌ಗಳಿಗೆ ಕೊಡಿ: ವಿಡಿಯೊ ಹಾಕಿದ ಮೊದಲ ದಿನ ಬಂದ ಪ್ರತಿ ಪ್ರಶ್ನೆಗೂ ಪೂರ್ತಿ ವಾಕ್ಯದಲ್ಲಿ ಉತ್ತರ ಬರೆಯಿರಿ, ಹಲವರು ಕೇಳಿದ ಪ್ರಶ್ನೆಯ ಉತ್ತರವನ್ನು ಮೇಲೆ ಪಿನ್ ಮಾಡಿ, ಮುಂದಿನ ವಿಡಿಯೊ ಅದರ ಮೇಲೇ ಇರಲಿ.