ಓದುಗರ ಪ್ರಶ್ನೆ: ಮದ್ದಿನ ಮನೆಯ ಒಳಹೊರಗೆ

ಪ್ರಶ್ನೆ: ಶಸ್ತ್ರಾಗಾರ, ಮದ್ದಿನ ಮನೆ, ಆರ್ಸೆನಲ್ ಮೂರೂ ಒಂದೇ ತಾನೆ?

ಉತ್ತರ: ಅಲ್ಲ. ಬಂದೂಕು, ಕತ್ತಿ ಇಡುವ ಜಾಗ ಶಸ್ತ್ರಾಗಾರ. ಸಿಡಿಯುವ ಸರಕಿಗೆ ಮಾತ್ರ ಮೀಸಲಾದದ್ದು ಮದ್ದಿನ ಮನೆ. ತಯಾರಿಕೆ, ದುರಸ್ತಿ, ಪರೀಕ್ಷೆ, ದಾಸ್ತಾನು ಎಲ್ಲ ಒಂದೇ ಆವರಣದಲ್ಲಿದ್ದರೆ ಅದು ಆರ್ಸೆನಲ್. ಪದದ ಮೂಲ ಅರಬ್ಬಿಯ ‘ದಾರ್ ಅಸ್-ಸಿನಾಅ’, ಅಂದರೆ ತಯಾರಿಸುವ ಮನೆ. ವೆನಿಸ್‌ನವರ ಬಾಯಲ್ಲಿ ಅದು ‘ಆರ್ಸೆನಾಲೆ’ ಆಯಿತು. 1436ರಲ್ಲಿ ಅಲ್ಲಿಗೆ ಹೋಗಿದ್ದ ಸ್ಪೇನಿನ ಪ್ರವಾಸಿಯೊಬ್ಬ ಕಂಡದ್ದು ಇದು: ಯುದ್ಧನೌಕೆಯ ಒಡಲನ್ನು ಕಾಲುವೆಯಲ್ಲಿ ಎಳೆದು ತರುತ್ತಿದ್ದರು, ಇಕ್ಕೆಲದ ಕಿಟಕಿಗಳಲ್ಲಿ ಒಂದರಿಂದ ಹಗ್ಗ, ಇನ್ನೊಂದರಿಂದ ರೊಟ್ಟಿ, ಮತ್ತೊಂದರಿಂದ ಆಯುಧ ಕೈಬದಲಾಗುತ್ತಿದ್ದವು. ಕಾಲುವೆಯ ತುದಿ ಮುಟ್ಟುವಷ್ಟರಲ್ಲಿ ನೌಕೆ ಸಜ್ಜು!

ಪ್ರಶ್ನೆ: ಹಳೆಯ ಮದ್ದಿನ ಮನೆಗಳಲ್ಲಿ ಕಬ್ಬಿಣವನ್ನೇ ಬಿಡುತ್ತಿರಲಿಲ್ಲವಂತೆ, ಯಾಕೆ?

ಉತ್ತರ: ಕಪ್ಪು ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಕಬ್ಬಿಣ ಕಲ್ಲಿಗೆ ತಾಗಿ ಹಾರುವ ಒಂದು ಕಿಡಿ ಅದಕ್ಕೆ ಸಾಕು. ಅದಕ್ಕೇ ಪೀಪಾಯಿಯ ಪಟ್ಟಿ ಮರದ್ದು ಇಲ್ಲವೇ ತಾಮ್ರದ್ದು. ಮೊಳೆ ಹೊಡೆದ ಬೂಟು ಬಾಗಿಲ ಹೊರಗೇ. ದೀಪ ಗೋಡೆಯಾಚೆ, ಗಾಜಿನ ಹಿಂದೆ. ಗಾಳಿಕಿಂಡಿಯನ್ನು ಗೋಡೆಯೊಳಗೆ ನೇರವಾಗಿ ಕೊರೆಯದೆ ತಿರುವು ಕೊಟ್ಟು ಕಟ್ಟುತ್ತಿದ್ದರು. ಗಾಳಿ ಬರಬೇಕು, ಕಿಡಿ ಬರಬಾರದು. ಗಾಳಿ ಬೇಕೇ ಬೇಕು, ಏಕೆಂದರೆ ತೇವ ಹೀರಿದರೆ ಪೆಟ್ಲುಪ್ಪು ಕರಗಿ ಬೇರೆಯಾಗುತ್ತದೆ, ಮದ್ದು ಗಂಟುಕಟ್ಟುತ್ತದೆ. ಆಮೇಲೆ ಒಣಗಿಸಿದರೂ ಮೊದಲಿನಂತೆ ಉರಿಯದು.

ಇಷ್ಟೆಲ್ಲ ಮಾಡಿದರೂ ಊರ ನಡುವೆ ಇಟ್ಟರೆ ಏನಾಗುತ್ತದೆ ಎನ್ನುವುದನ್ನು ಹಾಲೆಂಡಿನ ಡೆಲ್ಫ್ಟ್ 1654ರ ಅಕ್ಟೋಬರ್ 12ರಂದು ಕಂಡಿತು. ಹತ್ತಾರು ಟನ್ ಮದ್ದು ಸಿಡಿದು ಊರಿನ ಒಂದು ಭಾಗವೇ ನೆಲಸಮವಾಯಿತು, ಚಿತ್ರಕಾರ ಕಾರೆಲ್ ಫಾಬ್ರಿಟಿಯಸ್ ಕೂಡ ಸತ್ತ. ಹೊಸ ಮದ್ದಿನ ಮನೆಯನ್ನು ಊರಾಚೆ ಕಟ್ಟಿದರು.

ಪ್ರಶ್ನೆ: ಯಾರೂ ಮುಟ್ಟದಿದ್ದರೂ ದಾಸ್ತಾನು ತಾನಾಗಿ ಸಿಡಿಯಬಹುದೇ?

ಉತ್ತರ: ಖಂಡಿತ. ಜನ ಶತ್ರುವಿನ ಬಾಂಬಿಗೆ ಹೆದರುತ್ತಾರೆ, ನಿಜವಾಗಿ ಹೆದರಬೇಕಾದದ್ದು ಮುದಿಯಾದ ಮದ್ದಿಗೆ. ಇಂದಿನ ಗುಂಡು, ಶೆಲ್‌ಗಳನ್ನು ತಳ್ಳುವ ಮದ್ದಿನಲ್ಲಿ ನೈಟ್ರೋಸೆಲ್ಯುಲೋಸ್ ಇರುತ್ತದೆ. ಅದು ಸುಮ್ಮನೆ ಇಟ್ಟಲ್ಲೇ ನಿಧಾನವಾಗಿ ಒಡೆಯುತ್ತದೆ. ಹಾಗೆ ಹೊರಬಂದ ನೈಟ್ರೋಜನ್ ಆಕ್ಸೈಡ್‌ಗಳು ಒಡೆಯುವ ವೇಗವನ್ನು ಇನ್ನೂ ಹೆಚ್ಚಿಸುತ್ತವೆ. ಇವನ್ನು ಹಿಡಿದಿಡಲು ಡೈಫಿನೈಲಮೀನ್‌ನಂಥ ಸ್ಥಿರಕಾರಿ ಬೆರೆಸಿರುತ್ತಾರೆ, ಆದರೆ ಅದೂ ಸವೆಯುತ್ತದೆ, ಬಿಸಿಯಲ್ಲಿ ಬಲುಬೇಗ. ಅದು ಮುಗಿದ ಮೇಲೆ ರಾಶಿಯ ಒಳಗಿನ ಶಾಖ ಹೊರಹೋಗಲಾರದೆ ಏರಿ ಬೆಂಕಿ ಹತ್ತುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದಿರಬಹುದು. ಪ್ರತಿ ಲಾಟ್‌ನಿಂದ (ಒಟ್ಟಿಗೆ ತಯಾರಾದ ಒಂದು ಕಂತಿನಿಂದ) ಮಾದರಿ ತೆಗೆದು ಉಳಿದ ಸ್ಥಿರಕಾರಿಯನ್ನು ಅಳೆಯಲೇಬೇಕು, ಕಡಿಮೆಯಾದ ಲಾಟನ್ನು ಮುಲಾಜಿಲ್ಲದೆ ನಾಶಮಾಡಬೇಕು.

ಸೈಪ್ರಸ್‌ನ ನೌಕಾನೆಲೆಯಲ್ಲಿ ವಶಪಡಿಸಿಕೊಂಡ ಮದ್ದಿನ 98 ಕಂಟೇನರ್‌ಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಬಯಲಲ್ಲಿ ಬಿಸಿಲುಂಡವು. 2011ರ ಜುಲೈ 11ರಂದು ಸಿಡಿದಾಗ 13 ಜನ ಸತ್ತರು, ಪಕ್ಕದಲ್ಲಿದ್ದ ದ್ವೀಪದ ಅತಿ ದೊಡ್ಡ ವಿದ್ಯುತ್ ಸ್ಥಾವರ ಹಾಳಾಯಿತು.

ಪ್ರಶ್ನೆ: ಹಾಗಾದರೆ ವಸತಿಯಿಂದ ಎಷ್ಟು ದೂರ ಇಡಬೇಕು?

ಉತ್ತರ: ಒಟ್ಟಾಗಿ ಸಿಡಿಯುವ ಸರಕಿಗೆ ಬಳಕೆಯಲ್ಲಿರುವ ಸೂತ್ರ: ಕಿಲೋ ಲೆಕ್ಕದ ತೂಕದ ಘನಮೂಲವನ್ನು 22.2ರಿಂದ ಗುಣಿಸಿದರೆ ಮೀಟರ್ ಲೆಕ್ಕದ ದೂರ. 8,000 ಕಿಲೋಗೆ 444 ಮೀಟರ್, 64,000 ಕಿಲೋಗೆ 888. ಸರಕು ಎಂಟು ಪಟ್ಟಾದರೂ ದೂರ ಎರಡೇ ಪಟ್ಟು. ಆದರೆ ಪಕ್ಕಪಕ್ಕದ ಕೋಠಿಗಳ ನಡುವೆ ಸಾಕಷ್ಟು ಅಂತರ, ಮಣ್ಣಿನ ದಿಬ್ಬ ಇಲ್ಲದಿದ್ದರೆ ಎಲ್ಲವನ್ನೂ ಸೇರಿಸಿ ಒಂದೇ ರಾಶಿ ಎಂದು ಲೆಕ್ಕ ಹಿಡಿಯಬೇಕು. ಸಿಡಿತಕ್ಕೆ ಚಾಲನೆ ಕೊಡುವ ಡಿಟೊನೇಟರುಗಳಿಗೆ ಬೇರೆಯದೇ ಕೋಠಿ. ಸುತ್ತ ಮನೆಗಳು ಎದ್ದು ಆ ದೂರ ಕಿರಿದಾದರೆ, ಉಳಿಯುವ ದಾರಿ ಒಂದೇ: ಒಳಗಿನ ದಾಸ್ತಾನು ಇಳಿಸುವುದು.