ಸುಂಜಾತಾ ಲೇಖನ ಕಳಿಸಿದವರಿಗೆ

ನಮಸ್ಕಾರ. ಪಶ್ಚಿಮ ಆಫ್ರಿಕಾದಲ್ಲಿ ಮಾಲಿ ಸಾಮ್ರಾಜ್ಯ ಕಟ್ಟಿದ ರಾಜ ಸುಂಜಾತಾನ ಮಹಾಕಾವ್ಯದಲ್ಲಿ ಬರೋ ಹೊಗಳಿಕೆ ಹಾಡುಗಳ ಬಗ್ಗೆ ನಿಮ್ಮ ಲೇಖನ ಪೂರ್ತಿ ಓದಿದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ, ಆದ್ರೆ ವಿಷಯ ಬಿಡಬೇಡಿ, ಅದಕ್ಕೇ ಇಷ್ಟು ಬರೀತಿದೀನಿ.

ತೊಂದರೆ ಏನಂದ್ರೆ, ಹಾಡು ಬಂದಲ್ಲೆಲ್ಲ ‘ಇದು ರಾಜನ ಹಿರಿಮೆಯ ಸಂಕೇತ’ ಅಂತ ಒಂದು ಸಾಲು ಹಾಕಿ ಮುಂದೆ ಹೋಗ್ಬಿಡ್ತೀರ. ಯಾರು ಹಾಡ್ತಿದಾರೆ, ಯಾರ ಮುಂದೆ, ಆ ಹೊತ್ತಲ್ಲಿ ಯಾರ ಪ್ರಾಣ ಯಾರ ಕೈಲಿದೆ, ಇದ್ಯಾವುದೂ ಇಲ್ಲ. ಬಾಲಾ ಫಾಸೆಕೆನ ನೀವು ಆಸ್ಥಾನದ ಹೊಗಳುಭಟ್ಟನ ಥರ ತೋರ್ಸಿದೀರ. ಅವನು ಗ್ರಿಯೋ ರೀ, ಅಂದ್ರೆ ರಾಜವಂಶದ ಚರಿತ್ರೆನ ನೆನಪಲ್ಲಿಟ್ಟು ಹಾಡಿ ಹೇಳೋನು, ಸುಂಜಾತಾನ ಅಪ್ಪ ಸಾಯೋಕ್ಮುಂಚೆ ಮಗನಿಗೆ ಅಂತ ಕೊಟ್ಟುಹೋದವನು, ವಂಶದ ಕಥೆಯೆಲ್ಲ ಇರೋದೇ ಅವನ ಬಾಯಲ್ಲಿ.

ಸೊಸ್ಸೋ ಅನ್ನೋ ನೆರೆರಾಜ್ಯದ ಅರಮನೆಯ ದೃಶ್ಯ ನೀವು ಎರಡೇ ಸಾಲಲ್ಲಿ ಮುಗಿಸಿದೀರ, ನನಗೆ ಬೇಜಾರಾಗಿದ್ದು ಅಲ್ಲೇ. ಸುಂಜಾತಾನ ಮಲಅಣ್ಣ ದಂಕರಾನ್ ತೂಮಾನ್ ಈ ಗ್ರಿಯೋನ ದೂತನಾಗಿ ಸೊಸ್ಸೋಗೆ ಅಟ್ತಾನೆ, ಅಲ್ಲಿಯ ಮಾಂತ್ರಿಕ ರಾಜ ಸುಮಾವೊರೊ ಅವನನ್ನ ಅಲ್ಲೇ ಹಿಡಿದಿಟ್ಕೋತಾನೆ, ಒಂದಿನ ರಾಜ ಇಲ್ಲದಾಗ ಬಾಲಾ ಅವನ ಗುಟ್ಟಿನ ಕೋಣೆಗೆ ನುಗ್ಗಿ, ಸೋತ ರಾಜರ ತಲೆಬುರುಡೆಗಳ ಮಧ್ಯೆ ಇರೋ ಬಾಲಾಫೋನ್ (ಮರದ ಪಟ್ಟಿಗಳನ್ನ ಕೋಲಿಂದ ಬಡಿದು ನುಡಿಸೋ ವಾದ್ಯ) ನುಡಿಸ್ತಾನೆ. ಅದನ್ನ ರಾಜ ಬಿಟ್ಟು ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಸುಮಾವೊರೊ ಕತ್ತಿ ಹಿಡ್ಕೊಂಡು ಬಂದ್ರೆ ಬಾಲಾ ಅಲ್ಲೇ ನಿಂತು ಅವನ ಮೇಲೇ ಹಾಡು ಕಟ್ತಾನೆ! ರಾಜ ಕರಗಿ ‘ಇನ್ಮೇಲೆ ನೀನು ನನ್ನ ಗ್ರಿಯೋ’ ಅಂತಾನೆ. ಹಾಡು ಹಾಡಿದವನ ಪ್ರಾಣ ಉಳಿಸ್ತು, ಆದ್ರೆ ಸುಂಜಾತಾನಿಗೆ ಅಪ್ಪ ಬಿಟ್ಟುಹೋದ ಆಸ್ತಿ ಶತ್ರು ಪಾಲಾಯ್ತು, ಇನ್ನು ಯುದ್ಧ ತಪ್ಪಲ್ಲ. ಹಿರಿಮೆಯ ಸಂಕೇತ ಅನ್ನೋ ನಿಮ್ಮ ಸಾಲಿನೊಳಗೆ ಇದೆಲ್ಲ ಎಲ್ಲಿ ಹಿಡಿಸುತ್ತೆ ಹೇಳಿ.

ಬಿಲ್ಲಿನ ಹಾಡೂ ಅಷ್ಟೇ. ಅಡುಗೆಗೆ ಬಾವೊಬಾಬ್ ಮರದ ಎಲೆ ಕೇಳಕ್ಕೆ ಹೋದ ಸುಂಜಾತಾನ ಅಮ್ಮ ಸೊಗೊಲೋನ್ ಸವತಿ ಹತ್ರ ಅವಮಾನ ಮಾಡಿಸ್ಕೊಂಡು ಅಳ್ತಾ ಬರ್ತಾಳೆ, ಅಷ್ಟು ವರ್ಷ ನಡೆಯದೇ ಇದ್ದ ಹುಡುಗ ಕಬ್ಬಿಣದ ಸಲಾಕೆ ತರಿಸಿ ಅದನ್ನ ಊರಿ ಏಳ್ತಾನೆ, ಭಾರಕ್ಕೆ ಸಲಾಕೆ ಬಗ್ಗಿ ಬಿಲ್ಲಾಗುತ್ತೆ, ತಕ್ಷಣ ಬಾಲಾ ಹಾಡ್ತಾನೆ. ನೀವು ‘ಕಬ್ಬಿಣ ಅಂದ್ರೆ ಶಕ್ತಿ’ ಅಂದಿದೀರ, ಅದು ಯಾರಿಗೂ ಹೊಳೆಯೋದು. ಏಳಕ್ಕೆ ಆಸರೆ ಆಗಿದ್ದೇ ಆಯುಧ ಆಯ್ತಲ್ಲ, ಹಾಡು ಹಿಡ್ಕೊಂಡಿರೋದು ಅದನ್ನ.

ಆಮೇಲೆ ಸುಂಜಾತಾ-ಸುಮಾವೊರೊ ಎದುರುಬದುರಾದ ಕಿರಿನಾ ಯುದ್ಧದ ಹಿಂದಿನ ರಾತ್ರಿ, ಅಂದ್ರೆ ಸುಮಾರು 1235. ಅಷ್ಟೊತ್ತಿಗೆ ತಪ್ಪಿಸ್ಕೊಂಡು ಬಂದಿರೋ ಬಾಲಾ ಪೂರ್ವಜರ ಸಾಧನೆಗಳನ್ನೆಲ್ಲ ಹೇಳಿ, ನಾಳೆ ನೀನೇನು ಮಾಡ್ತೀಯ, ಮುಂದಿನವರಿಗೆ ನಾನು ಏನಂತ ಹೇಳ್ಲಿ ಅಂತ ಸುಂಜಾತಾನ್ನ ಕೇಳ್ತಾನೆ. ಅಲ್ಲಿ ಹೊಗಳಿಕೆ ಅಂದ್ರೆ ಸಾಲ, ಕೇಳಿಸ್ಕೊಂಡವನು ತೀರಿಸ್ಲೇಬೇಕು. ನಿಮ್ಮ ಲೇಖನದ ಬೆನ್ನೆಲುಬು ಇದಾಗ್ಲಿ.

ಇನ್ನು ಸಣ್ಣಪುಟ್ಟದು. ‘ಸಂಕೇತ ಎಂದರೇನು’ ಅಂತಿರೋ ಮೊದಲ ಪುಟ ಪೂರ್ತಿ ತೆಗೀರಿ. ಯಾವ ನಿರೂಪಣೆ ಇಟ್ಕೊಂಡಿದೀರ ಅಂತ ಹೇಳಿ, ಯಾಕಂದ್ರೆ ಒಬ್ಬೊಬ್ಬ ಗ್ರಿಯೋ ಒಂದೊಂದು ಥರ ಹೇಳ್ತಾನೆ. ನಾನು ಮೇಲೆ ಹೇಳಿದ್ದೆಲ್ಲ ಗಿನಿಯ ಮಾಮದು ಕುಯಾಟೆ ಹೇಳಿದ, ಇತಿಹಾಸಕಾರ ನಿಯಾನೆ 1960ರಲ್ಲಿ ಪ್ರಕಟಿಸಿದ ರೂಪದ್ದು. ಆ ಬಾಲಾಫೋನ್ ಅಂತ ನಂಬೋ ವಾದ್ಯ ಇವತ್ತಿಗೂ ಗಿನಿಯ ನಿಯಾಗಸ್ಸೊಲಾದಲ್ಲಿದೆ, ಕುಯಾಟೆ ಮನೆತನದವರೇ ಕಾಯ್ತಿದಾರೆ, 2001ರಲ್ಲಿ ಯುನೆಸ್ಕೊ ಕೂಡ ಗುರುತಿಸಿದೆ, ಅದು ನಿಮ್ಮ ಲೇಖನದಲ್ಲಿ ಇಲ್ವೇ ಇಲ್ಲ. ಆ ಕೋಣೆಯಿಂದಾನೇ ಶುರು ಮಾಡಿ ಬರ್ದು ಕಳಿಸಿ, ಓದ್ತೀನಿ.